ಅಕ್ಕನನ್ನು ಕಾಪಾಡಿದ ನಿಯಮ

ನಾನು ಭಾಷಣಕ್ಕೆ ನಿಂತರೆ ನಮ್ಮ ಮುದ್ರಣಾಲಯದ ಯಂತ್ರಗಳು ತಾವಾಗಿಯೇ ನಿಲ್ಲುತ್ತಿದ್ದವು. ನಂಬದವರು ಹೋಗಿ ಯಂತ್ರಗಳನ್ನೇ ಕೇಳಲಿ. ಕಾರ್ಮಿಕ ಸಂಘದ ಕಾರ್ಯದರ್ಶಿಯಾಗಿ ಹೆಣ್ಣುಮಕ್ಕಳ ಹಕ್ಕಿನ ಬಗ್ಗೆ ನಾನಾಡಿದ ಮಾತುಗಳನ್ನು ಗಂಟು ಹಾಕಿದರೆ ಭೂಮಿಯನ್ನು ಮೂರು ಸುತ್ತು ಬಿಗಿಯಬಹುದು.

ನನ್ನ ಅಕ್ಕ ಅಲ್ಲೇ ಹನ್ನೊಂದು ವರ್ಷದಿಂದ ಕಾಗದ ಕತ್ತರಿಸುವ ದೊಡ್ಡ ಯಂತ್ರ ನಡೆಸುತ್ತಿದ್ದಳು. ಕಾಗದದ ಕಟ್ಟನ್ನು ಬಾಗಿಸಿ, ಗಾಳಿಯಾಡಿಸಿ, ಮೇಜಿಗೆ ಕುಟ್ಟಿ ಅಲಗಿನಡಿ ತಳ್ಳಿದಳೆಂದರೆ, ಆ ಅಂಚು ನೋಡಿ ಗೋಡೆ ಕಟ್ಟುವವರೂ ನಾಚಬೇಕು. ಮುಂದಿನ ತಿಂಗಳು ಅವಳು ಆ ವಿಭಾಗಕ್ಕೆ ಮೇಸ್ತ್ರಿಯಾಗುವುದಿತ್ತು.

ಅಷ್ಟರಲ್ಲಿ ನಾನೊಂದು ಪ್ರಗತಿಪರ ನಿಯಮ ಬರೆದೆ: ಅಲಗಿನ ಯಂತ್ರದ ಮುಂದೆ ಹೆಂಗಸರನ್ನು ನಿಲ್ಲಿಸಕೂಡದು. ಅಂಥ ವಾಕ್ಯ ಸಾವಿರ ವರ್ಷಕ್ಕೊಮ್ಮೆ ಹುಟ್ಟುತ್ತದೆ. ‘ಹೆಂಗಸರು’ ಎಂದು ಬರೆಯುವಾಗ ಅಕ್ಕ ನೆನಪಾಗಲಿಲ್ಲ. ಅಕ್ಕ ಎಂದರೆ ಅಕ್ಕ, ಅಷ್ಟೇ.

ಮುದ್ರಣಾಲಯದ ನಿಯಮ ಮಾಡುವ ಸಭೆಯಲ್ಲಿ ನಮ್ಮ ಬಣಕ್ಕೂ ಮಾಲೀಕರ ಬಣಕ್ಕೂ ಎಣ್ಣೆ ಸೀಗೆಕಾಯಿ. ನೀರಿನ ಹೂಜಿ ಎಲ್ಲಿಡಬೇಕೆಂದು ಮೂರು ದಿನ ಕಾದಾಡಿದವರು. ನನ್ನ ನಿಯಮ ಓದಿದ ದಿನ ಮಾತ್ರ ಎಲ್ಲರ ಕೈಯೂ ಒಟ್ಟಿಗೆ ಮೇಲೆದ್ದಿತು. ಹೆಂಗಸರನ್ನು ಕಾಪಾಡುವುದರಲ್ಲಿ ಗಂಡಸರಿಗೆ ಪಕ್ಷಭೇದವಿಲ್ಲ. ಹೆಂಗಸರು ಆಗ ಒಳಗೆ ಕೆಲಸದಲ್ಲಿದ್ದರು. ಅವರನ್ನು ಕರೆಯಬೇಕೆಂದು ಯಾರಿಗೂ ತೋಚಲಿಲ್ಲ.

ಮಧ್ಯಾಹ್ನ ಅಕ್ಕ ಬಂದಳು. “ಏನೋ ದೊಡ್ಡ ಮನುಷ್ಯ, ನನ್ನನ್ನ ಒಂದು ಮಾತು ಕೇಳಬೇಕು ಅನ್ನಿಸಲಿಲ್ವಾ?”

“ನಿನ್ನ ಒಳ್ಳೇದಕ್ಕೇ ಅಲ್ವೇನಕ್ಕ. ಬೆರಳು ಹೋದ್ರೆ?”

ಅವಳು ಎರಡೂ ಕೈ ನನ್ನ ಮೂಗಿನ ಹತ್ತಿರ ಹಿಡಿದಳು. “ಎಣಿಸ್ಕೋ. ಯಂತ್ರ ಒಂದನ್ನೂ ಮುಟ್ಟಿಲ್ಲ. ನೀನು ಒಂದು ಸಾಲಲ್ಲಿ ಹತ್ತನ್ನೂ ತೆಗೆದೆ.”

“ಮುಂದಿನ ಸಭೇಲಿ ತಿದ್ದಿಸ್ತೀನಿ ಬಿಡು.”

“ಅಲ್ಲೀವರೆಗೆ ಅಲ್ಲಿ ನಿಲ್ಲೋರು ಯಾರು?”

ಹಿರಿತನದ ಪಟ್ಟಿಯಲ್ಲಿ ಅವಳ ನಂತರ ನಾನಿದ್ದೆ. ಪಟ್ಟಿಯನ್ನು ಮಡಚಿ ಜೇಬಿಗಿಳಿಸಿದೆ.

ಮರುದಿನ ಅವಳೇ ನನಗೆ ಯಂತ್ರ ಕಲಿಸಿದಳು. “ಅಲಗು ಪೂರ್ತಿ ಮೇಲೆ ಹೋಗೋವರೆಗೂ ಕೈ ಹಾಕ್ಬೇಡ,” ಎಂದು ಮೂರು ಸಲ ಹೇಳಿದಳು.

ಮುಂದಿನ ಸಭೆ ಬರುವಷ್ಟರಲ್ಲಿ ಮೇಸ್ತ್ರಿಗಿರಿ ನನ್ನದಾಗಿತ್ತು. “ಹೆಂಗಸರಿಗೆ ಕೊಟ್ಟ ರಕ್ಷಣೆ ಕಿತ್ಕೊಳ್ಳೋದಾ?” ಎಂದು ಯಾರೋ ಕೇಳಿದರು. ಪರ್ವತವನ್ನೂ ಕರಗಿಸಬಲ್ಲ ನಾನು, ಗಂಟಲು ಕಟ್ಟಿದೆ ಎಂದು ಕುಳಿತುಬಿಟ್ಟೆ. ನಿಯಮ ಹಾಗೇ ಉಳಿಯಿತು.

ಅಕ್ಕ ಈಗ ಪುಸ್ತಕ ಹೊಲಿಯುವ ಕೋಣೆಯಲ್ಲಿ ಕೆಳಗಿನ ದರ್ಜೆಯಲ್ಲಿದ್ದಾಳೆ. ನಾನು ಕತ್ತರಿಸಿ ಕಳಿಸಿದ ಕಟ್ಟುಗಳ ಅಂಚನ್ನು ಕೈಗತ್ತರಿಯಿಂದ ನೇರ ಮಾಡುತ್ತಾ ಕೂರುತ್ತಾಳೆ. ನಿನ್ನೆ ಬಾಗಿಲಲ್ಲಿ ನಿಂತು ಮಾತಾಡಿಸಿದೆ.

“ಇದೂ ಓರೆಯಾಗಿದೆ, ಮೇಸ್ತ್ರಿಗಳೇ,” ಎಂದಳು, ತಲೆಯೆತ್ತದೆ.