ಬಿಚ್ಚಿಟ್ಟ ಅಲಾರಾಂ

ಒಂದಾನೊಂದು ಊರಿನಲ್ಲಿ, ರಾಜನೂ ರಾಣಿಯೂ ಓಡಾಡದ ಒಂದು ಬೀದಿಯಲ್ಲಿ, ಒಬ್ಬ ಗಡಿಯಾರ ರಿಪೇರಿಯವನಿದ್ದ. ಅವನ ಅಂಗಡಿಯಲ್ಲಿದ್ದುದಕ್ಕೆಲ್ಲ ಕೀ ಕೊಡಬೇಕಿತ್ತು. ಅವನ ನಾಲಿಗೆಗೆ ಮಾತ್ರ ಬೇಕಿರಲಿಲ್ಲ. ಯಾರು ಏನೇ ತರಲಿ, ಮೊದಲು ಬಿಚ್ಚಿ, ಭಾಗಗಳನ್ನು ತಟ್ಟೆಗೆ ಸುರಿದು, ಒಂದೊಂದನ್ನೇ ಚಿಮಟದಲ್ಲಿ ಎತ್ತಿ ಹಿಡಿದು ಅದರ ಅರ್ಥ ಹೇಳುತ್ತಿದ್ದ. ಸ್ಪ್ರಿಂಗ್ ಎಂದರೆ ಅದುಮಿಟ್ಟ ಆಸೆ, ಹಲ್ಲಿನ ಚಕ್ರವೆಂದರೆ ಸಂಸಾರ. ಪಕ್ಕದಂಗಡಿಯ ದರ್ಜಿ ಹೊಲಿಗೆ ಬಿಟ್ಟು ಬಂದು ತಲೆದೂಗುತ್ತಿದ್ದ. ಅರ್ಥ ಮುಗಿಯುವಷ್ಟರಲ್ಲಿ ಬಾಗಿಲು ಹಾಕುವ ಹೊತ್ತಾಗಿ, ತಟ್ಟೆ ಹಾಗೇ ಕಪಾಟು ಸೇರುತ್ತಿತ್ತು.

ಹೆಂಡತಿಯ ಅಲಾರಾಂ ಗಡಿಯಾರವೂ ಅಂಥದೊಂದು ತಟ್ಟೆಯಲ್ಲಿತ್ತು. ಆಕೆ ಬೇಕರಿಯಲ್ಲಿ ಹಿಟ್ಟು ನಾದುವವಳು. ಬೆಳಕು ಹರಿಯುವ ಮುನ್ನ ಅಲ್ಲಿರಬೇಕು. “ನಾಳೆ ಜೋಡಿಸಿಕೊಡ್ತೀನಿ” ಎಂದು ಗಂಡ ಮಾತು ಕೊಟ್ಟ ಮೇಲೆ ಎಷ್ಟೋ ನಾಳೆಗಳು ಬಂದು ಹೋಗಿದ್ದವು. ಇವತ್ತು ಬೇಕರಿಯ ಯಜಮಾನಿ ಮುಖಕ್ಕೇ ಹೇಳಿಬಿಟ್ಟಿದ್ದಳು: “ನಾಳೇನೂ ತಡವಾದ್ರೆ ಮನೇಲೇ ಮಲಗಿರಮ್ಮ, ಈ ಕಡೆ ಬರ್ಬೇಡ.”

ಸಂಜೆ ಆಕೆ ಜಗಳಕ್ಕೆಂದೇ ಅಂಗಡಿಗೆ ಬಂದಳು. ಆದರೆ ಜಗಳ ತೆಗೆದರೆ ಈ ಮಹಾಶಯ ಅದಕ್ಕೂ ಒಂದು ಚಕ್ರ ಹುಡುಕಿ ಅರ್ಥ ಹೇಳಿಯಾನು ಎನ್ನಿಸಿತು. ಕಪಾಟಿನಿಂದ ತನ್ನ ತಟ್ಟೆ ತೆಗೆದು ಅವನ ಮುಂದಿಟ್ಟು, ಸ್ಟೂಲು ಎಳೆದುಕೊಂಡು ಕೂತಳು.

“ರೀ, ಊರಿಗೆಲ್ಲ ಹೇಳ್ತೀರಿ. ನಂಗೂ ಒಂದಿಷ್ಟು ಹೇಳ್ಬಾರ್ದಾ?”

ಗಂಡ ಅರಳಿಹೋದ. “ನೋಡು, ಇದು ಸ್ಪ್ರಿಂಗು. ಇದರರ್ಥ...”

“ಹಾಗೆ ಕೈಯಲ್ಲಿ ಹಿಡಿದ್ರೆ ನನ್ನ ತಲೆಗೆ ಹತ್ತಲ್ಲ. ಅದರ ಜಾಗದಲ್ಲಿಟ್ಟು ಹೇಳಿ.”

ಇಟ್ಟ. ಆಸೆಯ ಬಗ್ಗೆ ಹೇಳಿದ. ದೊಡ್ಡ ಚಕ್ರವೂ ಸಂಸಾರಸಮೇತ ಹೋಗಿ ಕೂತಿತು.

“ಅಲ್ಲಾಡ್ತಿದೆಯಲ್ರೀ. ಸಂಸಾರ ಅಂದ್ರೆ ಹೀಗೇನಾ?”

ಅವನು ಸ್ಕ್ರೂ ಬಿಗಿದ.

“ಅಕ್ಕಾ, ಮಧ್ಯೆ ಬಾಯಿ ಹಾಕ್ಬೇಡಿ, ರಸಭಂಗ ಆಗುತ್ತೆ” ಎಂದ, ಆಗಲೇ ಹೊಲಿಗೆ ಬಿಟ್ಟು ಬಂದು ನಿಂತಿದ್ದ ದರ್ಜಿ.

“ನೀವು ಸುಮ್ನಿರಿ ಅಣ್ಣ. ನಿಮ್ಮಷ್ಟು ಬೇಗ ನಂಗೆ ಜ್ಞಾನ ಬರಲ್ಲ.”

ತಾಳ್ಮೆ ಕೂತಿತು, ವಿಧಿ ಕೂತಿತು, ಅಹಂಕಾರ ಸ್ವಲ್ಪ ಎಣ್ಣೆ ಕುಡಿದು ಕೂತಿತು. ತಟ್ಟೆ ಖಾಲಿಯಾದದ್ದು ಅವನಿಗೆ ಗೊತ್ತೇ ಆಗಲಿಲ್ಲ.

“ಕೊನೆಗೆ ಈ ಪುಟ್ಟ ಸುತ್ತಿಗೆ” ಎನ್ನುತ್ತ ಅದನ್ನೂ ಗಂಟೆಯ ಪಕ್ಕ ಕೂರಿಸಿದ. “ಎಚ್ಚರ ಅಂದ್ರೆ ಏನು? ಮನುಷ್ಯ...”

ಆಕೆ ಕೈಚಾಚಿ ಕೀ ತಿರುಗಿಸಿ, ಅಲಾರಾಂ ಮುಳ್ಳನ್ನು ಈಗಿನ ಹೊತ್ತಿಗೆ ತಂದಳು. ಗಂಟೆ ಬೀದಿಗೆಲ್ಲ ಕೇಳುವಂತೆ ಬಡಿದುಕೊಳ್ಳತೊಡಗಿತು. ಗಂಡನ ತುಟಿ ಇನ್ನೂ ಆಡುತ್ತಿತ್ತು, ಒಂದಕ್ಷರವೂ ಕೇಳಿಸಲಿಲ್ಲ.