ಖಣಿಯ ನಕ್ಷೆಯಲ್ಲಿ ಬಿಳಿ ಜಾಗ

ತಿಳಿದವರ ಮುಂದೆ ಇದನ್ನು ಹೇಳಲು ಹೊರಟದ್ದೇ ಅಧಿಕಪ್ರಸಂಗ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು. ಇದು ಶಹಾಬಾದಿನ ನಕ್ಷೆಗಾರ ಬಂದೇನವಾಜನ ಕತೆ. ಮೈಸೂರು ರಾಜ್ಯಕ್ಕೆ ಇನ್ನೂ ಕರ್ನಾಟಕವೆಂಬ ಹೆಸರು ಬಂದಿರಲಿಲ್ಲ.

ಬಸವಂತರಾಯರದು ನೆಲಕ್ಕೆ ಹಾಸುವ ಪರಸಿ ಕಲ್ಲಿನ ಖಣಿ. ಮೊಣಕಾಲು ಹಿಡಿದು ಹಾಸಿಗೆ ಸೇರಿದ ಮೇಲೆ ಅವರು ಅದನ್ನು ಕಾಗದದಲ್ಲೇ ನೋಡಬೇಕಾಯಿತು. ಬರುವ ಸೋಮವಾರ ಹೊಸ ಮಗ್ಗುಲಲ್ಲಿ ಕಲ್ಲು ಎಬ್ಬಿಸಬೇಕು. ಎಲ್ಲಿ ಎಂದು ನಕ್ಷೆಯ ಮೇಲೆ ಬೆರಳಿಡುವವರು ಅವರೇ. ಬೆರಳು ತಪ್ಪಿದರೆ, ಪಕ್ಕದ ಹಳೆಯ ಖಣಿಯಲ್ಲಿ ತುಂಬಿ ನಿಂತ ನೀರು ಕೆಳಗೆ ಕೆಲಸ ಮಾಡುವ ಇಪ್ಪತ್ತು ಜನರ ಮೇಲೆ ನುಗ್ಗುತ್ತದೆ.

ಮೊದಲ ನಕ್ಷೆಯನ್ನು ಬಂದೇನವಾಜ ಹಳೆಯ ಕಾಗದ ನೋಡಿ, ಕುಳಿತಲ್ಲೇ ಬರೆದಿದ್ದ. ರಾಯರು ಒಮ್ಮೆ ನೋಡಿ ಕಣ್ಣು ಮುಚ್ಚಿ, ಖಣಿಯಲ್ಲೇ ನಡೆದಂತೆ ಅದರ ಮೇಲೆ ಬೆರಳು ನಡೆಸಿದರು.

"ಏನ್ರಿ ಮಾಸ್ತರ, ಇದು ಖಣಿಯೋ, ನಿಮ್ಮ ಮಾವನ ಮನಿ ಅಂಗಳೋ? ಎಲ್ಲೂ ಎಡವಂಗೇ ಇಲ್ಲಲ್ಲ!"

ಎರಡನೆಯದಕ್ಕೆ ಸರಪಳಿ ಹಿಡಿದು ಅಳೆದ. ಮೂರನೆಯದರಲ್ಲಿ ಏರು, ಇಳಿಜಾರು, ಮೆಟ್ಟಿಲು ಎಲ್ಲ ಬಂದವು.

"ಹಾಂ, ಈಗ ಕಾಲಿಗಿ ಕಲ್ಲು ಹತ್ತಲಿಕತ್ತಾವ ನೋಡ್ರಿ," ಎಂದರು ರಾಯರು.

ಹೊಗಳಿಕೆ ಕೇಳಿ ಬಂದೇನವಾಜನಿಗೆ ಹೆದರಿಕೆಯೇ ಹೆಚ್ಚಿತು; ಇನ್ನು ರಾಯರು ಈ ಕಾಗದವನ್ನೇ ನಂಬಿ ಬೆರಳಿಡುತ್ತಾರೆ. ಶುಕ್ರವಾರ ನಮಾಜು ಮುಗಿಸಿ ಮತ್ತೆ ಖಣಿಗೆ ಹೋದ. ಬಿಸಿಲಿಗೆ ಕಲ್ಲೆಲ್ಲ ಬೆಳ್ಳಗೆ ತೇಲುವಂತಿತ್ತು. ಹಳೆಯ ಖಣಿಯ ನೀರಿನಲ್ಲಿ ಮೋಡಗಳು ಕಾಲಡಿಯಿಂದ ಹಾದುಹೋಗುತ್ತಿದ್ದವು. ತಾನೇ ಬರೆದ ಕಾಗದದೊಳಗೆ ನಡೆಯುತ್ತಿದ್ದೇನೆ ಎಂದು ಅವನಿಗೆ ಅನ್ನಿಸಿತು. ನೀರಿಗೂ ಹೊಸ ಖಣಿಗೂ ನಡುವಿನ ಹುಲ್ಲಿನ ದಂಡೆಯನ್ನು ಅವನು ನಕ್ಷೆಯಲ್ಲಿ ಗಟ್ಟಿ ಕಲ್ಲೆಂದು ಗೆರೆ ಹಾಕಿದ್ದ.

ಅಲ್ಲಿ ರೊಟ್ಟಿ ಬುತ್ತಿ ಬಿಚ್ಚಿದ್ದವಳು ಕಲ್ಲು ಹೊರುವ ಮುದುಕಿ ಹಣಮವ್ವ.

"ಏನ್ ಅಳೀಲಿಕತ್ತೀಯೋ ಯಪ್ಪಾ?"

"ಈ ಕಲ್ಲಿನ ದಂಡಿ, ಯವ್ವಾ."

"ಕಲ್ಲು ಎಲ್ಲಿ ಅದನೋ ಹುಚ್ಚಾ! ಹರೇದಾಗ ನಾ ಬುಟ್ಟಿಲೆ ಹೊತ್ತು ಸುರುವಿದ ಕಲ್ಲಿನ ಚೂರು ಅದು. ಹಳಿ ಖಣಿ ಇಲ್ಲೀತನಕಾನೂ ಇತ್ತು. ಮ್ಯಾಲ ಹುಲ್ಲು ಬಂತು, ನಿನಗ ನೆಲ ಕಂಡ್ತು."

"ಎಲ್ಲೀತನಕ ಸುರುವಿದ್ರಿ?"

ಮುದುಕಿ ಎದ್ದು ನಾಲ್ಕು ಹೆಜ್ಜೆ ಹೋದಳು. ನಿಂತಳು. ಹಿಂದೆ ಬಂದಳು.

"ಆಗ ಇಲ್ಲೊಂದು ಜಾಲಿಗಿಡ ಇತ್ತು. ಅದರ ಆಚಿಗೋ, ಈಚಿಗೋ... ತಿಳೀವಲ್ದು ನೋಡಪ್ಪ."

ಬಂದೇನವಾಜ ಮನೆಗೆ ಬಂದು ಬ್ಲೇಡಿನಿಂದ ಆ ಗೆರೆಗಳನ್ನು ಮೆಲ್ಲಗೆ ಹೆರೆದ. ನಕ್ಷೆ ಬರೆಯಲು ಅವನು ಕಲಿತ ಸಂಜೆ ಕ್ಲಾಸಿನಲ್ಲಿ ಹೇಳಿಕೊಟ್ಟದ್ದು ಕಲ್ಲಿಗೆ ಒಂದು ಗುರುತು, ಮಣ್ಣಿಗೆ ಒಂದು, ನೀರಿಗೆ ಒಂದು; ಗೊತ್ತಿಲ್ಲದ್ದಕ್ಕೆ ಗುರುತೇ ಇರಲಿಲ್ಲ. ಜಾಗವನ್ನು ಬಿಳಿಯಾಗಿಯೇ ಬಿಟ್ಟ.

ಭಾನುವಾರ ರಾಯರು ಕೇಳಿದರು: "ಯಾಕ್ರಿ, ಮಸಿ ತೀರಿತೇನು?"

"ಮಸಿ ಅದರಿ. ಇದರ ಬುಡಕ ಏನದ, ನನಗ ಗೊತ್ತಿಲ್ರಿ."

"ಗೊತ್ತಿಲ್ಲ ಅನ್ನಲಿಕ್ಕ ನೀವ್ಯಾಕ ಬೇಕ್ರಿ? ಅಷ್ಟು ನಾನೇ ಹೇಳತಿದ್ದೆ!"

"ಹೋದ ಸಲ ಗೊತ್ತದ ಅಂತ ಬರದಿದ್ದೆರಿ. ಅದು ಸುಳ್ಳಿತ್ರಿ." ಹಣಮವ್ವನ ಮಾತನ್ನೂ, ಬರೀ ಚೂರಿದ್ದರೆ ಅದು ನೀರು ತಡೆಯದೆಂಬುದನ್ನೂ ಹೇಳಿದ.

ರಾಯರು ಕಣ್ಣು ಮುಚ್ಚಿದರು. ಬೆರಳು ಮೆಟ್ಟಿಲಿಳಿಯಿತು, ನೀರಿನ ಅಂಚು ಬಳಸಿತು, ಬಿಳಿಯ ಬದಿಗೆ ಬಂದು ನಿಂತಿತು. ಬಹಳ ಹೊತ್ತು ನಿಂತೇ ಇತ್ತು. ಆಮೇಲೆ ಬಿಸಿ ಹೆಂಚು ತಗುಲಿದಂತೆ ಹಿಂದೆ ಸರಿಯಿತು.

"ನೀರಿಗಿ ದೂರ, ಮೂಡಣ ಮಗ್ಗಲಿಗಿ ಕಲ್ಲು ಎಬ್ಬಸ್ಲಿ. ಈ ಕಡಿಗಿ ಯಾರೂ ಉಳಿ ಹಚ್ಚಬಾರದು ಅಂತ ಹೇಳ್ರಿ."

ಯಾರೂ ಹಚ್ಚಲಿಲ್ಲ. ಆದ್ದರಿಂದ ಆ ಚೂರು ಎಲ್ಲಿಗೆ ಮುಗಿಯುತ್ತದೆ, ಗಟ್ಟಿ ಕಲ್ಲು ಎಲ್ಲಿಂದ ಶುರು, ನೀರು ನಿಜವಾಗಿ ನುಗ್ಗುತ್ತಿತ್ತೋ ಇಲ್ಲವೋ, ಬಂದೇನವಾಜನಿಗೆ ತಿಳಿಯಲಿಲ್ಲ. ನಮಗೂ ತಿಳಿದಿಲ್ಲ.