ಹುಣಸೆಹಣ್ಣು ಹಚ್ಚುವ ಸ್ವಿಚ್ಚು

ಚನ್ನಗಿರಿಯ ಕಲ್ಲೇಶಪ್ಪ ಸಾಹುಕಾರರ ಅಕ್ಕಿ ಗಿರಣಿಗೆ ಕಾಲಿಟ್ಟರೆ ಸಾಕು, ಜುಂಜಪ್ಪ ಮುಖ ಆಚೆ ತಿರುಗಿಸುತ್ತಿದ್ದ. ತೌಡಿನ ಧೂಳಿಗಲ್ಲ, ಗೋಡೆಯ ಮೇಲಿದ್ದ ಆ ಸ್ವಿಚ್ಚಿಗೆ. ಅದನ್ನು ಕೂರಿಸಿದವನು ತಾನೇ ಅನ್ನುವುದು ಇನ್ನೂ ಅಸಹ್ಯ.

ಭದ್ರಾವತಿಯಲ್ಲಿ ಆರು ವರ್ಷ ವೈರಿಂಗ್ ಕೆಲಸ ಕಲಿತು ಬಂದವನು ಅವನು. ಸಾವಿರದ ಒಂಬೈನೂರ ನಲವತ್ತೊಂದರಲ್ಲಿ ಗಿರಣಿಯ ಎಣ್ಣೆ ಎಂಜಿನ್ನು ಹೋಗಿ ಕರೆಂಟಿನ ಮೋಟಾರು ಬಂದಾಗ, ಕಬ್ಬಿಣದ ಪೆಟ್ಟಿಗೆಯ ಸ್ವಿಚ್ಚೇ ತರಿಸಿರಿ ಎಂದು ಬಾಯಿ ನೋಯುವಷ್ಟು ಹೇಳಿದ್ದ. ಅದರ ಹಿಡಿ ಹೊರಗೆ, ಕರೆಂಟು ಒಳಗೆ. ಹಿಡಿ ಇಳಿಸದ ಹೊರತು ಮುಚ್ಚಳ ತೆರೆಯುವುದಿಲ್ಲ. ರಿಪೇರಿಗೆ ನಿಂತವನು ಬೀಗ ಹಾಕಿಕೊಂಡು ನೆಮ್ಮದಿಯಾಗಿ ಕೆಲಸ ಮಾಡಬಹುದು.

“ಪೆಟ್ಟಿಗೆ ಒಳಗಿದ್ರೆ ಯಾರಿಗೆ ಕಾಣ್ತೈತೆ?” ಎಂದರು ಸಾಹುಕಾರರು. ಬಿಳಿ ಕಲ್ಲಿನ ಹಲಗೆಯ ಮೇಲೆ ತಾಮ್ರದ ಅಲಗುಗಳು ಬೆತ್ತಲೆ ನಿಂತ ಸ್ವಿಚ್ಚು ತರಿಸಿದರು. ಹೊನ್ನಾಳಿ, ನ್ಯಾಮತಿಯ ವ್ಯಾಪಾರಿಗಳು ಬಂದಾಗಲೆಲ್ಲ ಅದರ ಹಿಡಿ ಎಳೆದು, ನೀಲಿ ಕಿಡಿ ಹಾರಿಸಿ, ಮೀಸೆ ತಿರುವುತ್ತಿದ್ದರು.

ಅಷ್ಟು ಚೆಂದದ ತಾಮ್ರ ಮಂಕಾಗಬಾರದಲ್ಲ. ತೌಡು ಗುಡಿಸುವ ಗಾದ್ರಮ್ಮನಿಗೆ ಹೊಸ ಕೆಲಸ ಗಂಟುಬಿತ್ತು. ದೇವರ ದೀಪ ಬೆಳಗುವ ಹಾಗೆ, ಪ್ರತಿ ಸೋಮವಾರ ನೆನೆಸಿದ ಹುಣಸೆಹಣ್ಣು ಹಚ್ಚಿ ಅಲಗುಗಳನ್ನು ತಿಕ್ಕಬೇಕು. ಹಿಡಿ ಇಳಿಸಿದ ಮೇಲೆ ಅಲಗಿನಲ್ಲಿ ಕರೆಂಟು ಇರುವುದಿಲ್ಲ, ನಿಜ. ಆದರೆ ಅಲಗು ಹೋಗಿ ಕಚ್ಚಿಕೊಳ್ಳುವ ಮೇಲಿನ ದವಡೆಗೆ ಕಂಬದ ಕರೆಂಟು ಬರುತ್ತಲೇ ಇರುತ್ತದೆ. ಜುಂಜಪ್ಪ ಅದಕ್ಕೆ ಬಲ್ಬಿನ ತಂತಿ ತಾಗಿಸಿ, ದೀಪ ಉರಿಸಿ, ಸಾಹುಕಾರರ ಕಣ್ಣಿಗೇ ತೋರಿಸಿದ್ದ.

ಹೋದ ಸೋಮವಾರ ಗಾದ್ರಮ್ಮನ ಕಿರುಬೆರಳು ಆ ದವಡೆಗೆ ಸೋಕಿತು. ಅವಳು ಹಾರಿ ಮೂಟೆಗಳ ಮೇಲೆ ಬಿದ್ದಳು. ಸಂಜೆಯವರೆಗೂ ಕೈ ಎತ್ತಲಾಗಲಿಲ್ಲ. ಸಾಹುಕಾರರು ಬಂದು ಮೂಟೆ ನೋಡಿ, “ಸದ್ಯ, ಅಕ್ಕಿ ಚೆಲ್ಲಿಲ್ಲ” ಎಂದು ಹೋದರು. ಥೂ, ಇಂಥವನ ಗಿರಣಿಯ ಅನ್ನವೂ ಅನ್ನವೇ ಎಂದುಕೊಂಡ ಜುಂಜಪ್ಪ. ಅಂದುಕೊಂಡನೇ ಹೊರತು ಬಾಯಿ ಬಿಡಲಿಲ್ಲ.

ಆಯುಧಪೂಜೆಯ ಹಿಂದಿನ ದಿನ ಸಾಹುಕಾರರು ಸ್ವಿಚ್ಚಿನ ಎದುರು ಕುರ್ಚಿ ಹಾಕಿಸಿಕೊಂಡು ಕೂತರು.

“ಕೆಳಗೆ ಬಂಗಾರ, ಮೇಲೆ ಮಸಿ. ನಾಳೆ ಜಗಳೂರಿನ ಬೀಗರು ಪೂಜೆಗೆ ಬರ್ತಾರೆ. ಗಾದ್ರಮ್ಮ, ಮೇಲಿನ ದವಡೇನೂ ತಿಕ್ಕು.”

ಅವಳು ಸ್ಟೂಲು ಹತ್ತಿದಳು. ಹುಣಸೆ ನೀರು ಮೊಣಕೈವರೆಗೆ ಇಳಿಯುತ್ತಿತ್ತು.

“ಅಕ್ಕಾ, ಮುಟ್ಟಬ್ಯಾಡ. ಕೈ ಹಿಂದೆ ತಗೋ” ಎಂದು ಜುಂಜಪ್ಪ ಓಡಿ ಬಂದ.

“ಹಿಡಿ ಇಳಿಸೈತಲ್ಲೋ. ಏನಾಗ್ತೈತೆ ಅವಳಿಗೆ?” ಎಂದರು ಸಾಹುಕಾರರು.

ಜುಂಜಪ್ಪ ಗಾದ್ರಮ್ಮನ ಕೈಯಿಂದ ಹುಣಸೆಹಣ್ಣು ಇಸಕೊಂಡ. ಎರಡೂ ಕೈಯಲ್ಲಿ ಹಿಡಿದು, ಪ್ರಸಾದ ಕೊಡುವವನಂತೆ ಸಾಹುಕಾರರ ಮುಂದೆ ಚಾಚಿದ.

“ಏನೂ ಆಗಲ್ಲ ಅಂದ್ರೆ ನೀವೇ ಒಂದ್ಸಲ ತಿಕ್ಕಿ ತೋರಿಸ್ರಿ.”

ಸಾಹುಕಾರರ ಎರಡೂ ಕೈ ತಟ್ಟನೆ ಬೆನ್ನ ಹಿಂದೆ ಹೋದವು.

“ನಂಗೇನು ತಲೆ ಕೆಟ್ಟೈತೇನೋ? ಅದ್ರಾಗೆ ಕರೆಂಟು ಐತೆ.”

ಇಷ್ಟು ದಿನ, ದೀಪ ಉರಿಸಿ ತೋರಿಸಿದರೂ ಇವರ ತಲೆಗೆ ಹೋಗಿಲ್ಲ ಎಂದು ಜುಂಜಪ್ಪ ಸಮಾಧಾನ ಹೇಳಿಕೊಂಡಿದ್ದ. ದಡ್ಡನನ್ನಾದರೂ ಕ್ಷಮಿಸಬಹುದು. ಈ ಮನುಷ್ಯನಿಗೆ ಎಲ್ಲಾ ಗೊತ್ತಿತ್ತು. ಗೊತ್ತಿದ್ದೇ ಅವಳನ್ನು ಸ್ಟೂಲು ಹತ್ತಿಸಿದ್ದ.

ಗಾದ್ರಮ್ಮ ನಿಧಾನವಾಗಿ ಕೆಳಗಿಳಿದಳು. ಜುಂಜಪ್ಪನ ಕೈಯಿಂದ ಹುಣಸೆಹಣ್ಣು ತಗೊಂಡು ಸೆರಗಿನ ತುದಿಗೆ ಕಟ್ಟಿಕೊಂಡಳು.

“ಇದು ನಮ್ಮನೆ ಸಾರಿಗಾಗ್ತೈತೆ. ತಾಮ್ರ ನೀವೇ ಬೆಳಗ್ಕಳ್ರಿ, ಸಾಹುಕಾರ್ರೇ” ಎಂದು ಹೊರಟುಬಿಟ್ಟಳು.

ಜುಂಜಪ್ಪನೂ ಸ್ಪ್ಯಾನರ್ ಚೀಲ ಹೆಗಲಿಗೇರಿಸಿ ಅವಳ ಹಿಂದೆಯೇ ನಡೆದ. ಗಿರಣಿಯ ಬಾವಿಯ ಹತ್ತಿರ ನಿಂತು ಕೈ ತೊಳೆದ. ಹುಣಸೆಯ ಅಂಟು ಹೋಯಿತು. ಆದರೂ ತೊಳೆಯುತ್ತಲೇ ಇದ್ದ; ಆ ಸ್ವಿಚ್ಚು ಕೂರಿಸಿದ್ದು ಇದೇ ಕೈ.